ಭಾರ ಬೆನ್ನಿಗೋ, ಸೈಕಲ್ಲಿಗೋ?

ಪ್ರಶ್ನೆ: ದಿನಾ ಸೈಕಲ್ಲಿನಲ್ಲೇ ಆಫೀಸಿಗೆ ಹೋಗುತ್ತೇನೆ. ಒಂದು ಕಡೆಗೆ 8 ಕಿ.ಮೀ. ಲ್ಯಾಪ್‌ಟಾಪು, ಚಾರ್ಜರು, ಒಂದು ಜೊತೆ ಬಟ್ಟೆ, ಶೂ, ಊಟದ ಡಬ್ಬಿ, ನೀರು, ಸೈಕಲ್ಲಿನ ಬೀಗ ಎಲ್ಲವೂ ಒಂದೇ ಬ್ಯಾಕ್‌ಪ್ಯಾಕಿನಲ್ಲಿ. ಆಫೀಸು ಮುಟ್ಟುವಷ್ಟರಲ್ಲಿ ಬೆನ್ನು ತೊಯ್ದು ಹೋಗಿರುತ್ತದೆ, ಸಂಜೆ ಕುತ್ತಿಗೆ ನೋವು. ಬೆನ್ನಿಗೆ ಗಾಳಿಯಾಡುವಂಥ ಒಳ್ಳೆಯ ಬ್ಯಾಕ್‌ಪ್ಯಾಕ್ ತಗೊಳ್ಳಲಾ, ಅಥವಾ ಸೈಕಲ್ಲಿಗೇ ನೇತುಹಾಕುವ ಬ್ಯಾಗ್ ತಗೊಳ್ಳಲಾ? ಲ್ಯಾಪ್‌ಟಾಪ್ ಹಾಳಾಗುತ್ತದೆ ಅಂತ ಭಯ. ಮಳೆಯದೂ ಚಿಂತೆ. ನನ್ನದು ಗೇರಿರುವ ಹೈಬ್ರಿಡ್ ಸೈಕಲ್, ಸದ್ಯಕ್ಕೆ ಕ್ಯಾರಿಯರ್ ಇಲ್ಲ.

ಉತ್ತರ: ಬ್ಯಾಗು ಹುಡುಕುವುದು ಆಮೇಲೆ. ಮೊದಲು ಭಾರ ತೂಗಿ. ನಾಳೆ ಹೊರಡುವ ಮುಂಚೆ ಬ್ಯಾಗು ಹೆಗಲಿಗೇರಿಸಿಕೊಂಡು ತೂಕದ ಯಂತ್ರದ ಮೇಲೆ ನಿಲ್ಲಿ, ಆಮೇಲೆ ಬ್ಯಾಗಿಲ್ಲದೆ ನಿಲ್ಲಿ. ಎರಡರ ವ್ಯತ್ಯಾಸವೇ ನೀವು ದಿನಾ ಹೊರುತ್ತಿರುವ ಭಾರ. ನಿಮ್ಮ ಪಟ್ಟಿ ನೋಡಿದರೆ ಅದು 7 ಕೆ.ಜಿ. ದಾಟಿರಬಹುದು. ಲ್ಯಾಪ್‌ಟಾಪು, ಚಾರ್ಜರು ಸೇರಿ ಎರಡು ಕೆ.ಜಿ. ಹತ್ತಿರ. ಗಟ್ಟಿಯಾದ ಯು ಆಕಾರದ ಬೀಗವೊಂದೇ ಒಂದರಿಂದ ಒಂದೂವರೆ. ಒಂದು ಲೀಟರ್ ನೀರು ಅಂದರೆ ಇನ್ನೊಂದು ಕೆ.ಜಿ. ಬಟ್ಟೆ, ಶೂ, ಡಬ್ಬಿಗೆ ಎರಡು. ಖಾಲಿ ಬ್ಯಾಗೇ ಸುಮಾರು ಒಂದು ಕೆ.ಜಿ. ಇರುತ್ತದೆ, ಅದನ್ನು ಮಾತ್ರ ಯಾರೂ ಲೆಕ್ಕಕ್ಕೆ ತಗೊಳ್ಳುವುದಿಲ್ಲ.

ಇದರಲ್ಲಿ ಎಷ್ಟೋ ಭಾರವನ್ನು ಬ್ಯಾಗು ಬದಲಿಸದೆಯೇ ಇಳಿಸಬಹುದು. ಬೀಗಕ್ಕೆ ಸೈಕಲ್ಲಿನ ಫ್ರೇಮಿಗೆ ಕೂರುವ ಹಿಡಿ ಸಿಗುತ್ತದೆ. ನೀರಿನ ಬಾಟಲಿಯನ್ನೂ ಫ್ರೇಮಿನ ಬಾಟಲ್ ಸ್ಟ್ಯಾಂಡಿಗೆ ಸಿಕ್ಕಿಸಿ. ಆಫೀಸಿನಲ್ಲಿ ಒಂದು ಡ್ರಾಯರ್ ಸಿಕ್ಕರೆ ಶೂ, ಇನ್ನೊಂದು ಚಾರ್ಜರ್, ಒಂದು ಟವೆಲ್ ಅಲ್ಲೇ ಇರಲಿ. ವಾರಕ್ಕೊಮ್ಮೆ ಬಟ್ಟೆಗಳನ್ನೆಲ್ಲ ಒಟ್ಟಿಗೆ ತಗೊಂಡು ಹೋಗಿ ಇಟ್ಟುಬಿಡುವವರೂ ಇದ್ದಾರೆ, ಅದು ಒಳ್ಳೆಯ ಉಪಾಯ. ಇಷ್ಟು ಮಾಡಿದರೆ ಏಳು ಕೆ.ಜಿ. ನಾಲ್ಕಕ್ಕೆ ಇಳಿಯುತ್ತದೆ, ಖರ್ಚೂ ಹೆಚ್ಚಿಲ್ಲ.

ಬೀಗ ಬೆನ್ನ ಮೇಲಿರಬಾರದು ಅನ್ನುವುದಕ್ಕೆ ತೂಕ ಮಾತ್ರ ಕಾರಣವಲ್ಲ. ಬಿದ್ದರೆ ಆ ಕಬ್ಬಿಣ ಬೆನ್ನುಮೂಳೆಗೂ ನೆಲಕ್ಕೂ ನಡುವೆ ಸಿಕ್ಕಿಕೊಳ್ಳುತ್ತದೆ. ಗಟ್ಟಿ ಸಾಮಾನು ಯಾವುದೇ ಆಗಲಿ, ಅದರ ಜಾಗ ಸೈಕಲ್ಲು.

ಭಾರ ಇಳಿಸಿದ ಮೇಲೆ ಮತ್ತೆ ತೂಗಿ. ನನ್ನ ಲೆಕ್ಕ ಹೀಗೆ: ಮೂರು ಕೆ.ಜಿ. ಒಳಗಿದ್ದರೆ ಯಾವ ಬ್ಯಾಗಾದರೂ ನಡೆಯುತ್ತದೆ, ತಲೆ ಕೆಡಿಸಿಕೊಳ್ಳಬೇಡಿ. ಐದು ದಾಟಿದರೆ ಸೈಕಲ್ಲೇ ಹೊರಲಿ. ನಡುವೆ ಇದ್ದರೆ ದೂರ, ಸೆಕೆ, ನಿಮ್ಮ ಬೆನ್ನು ಮೂರನ್ನೂ ಕೇಳಿ ತೀರ್ಮಾನಿಸಿ. ನಿಮಗೆ ಈಗಾಗಲೇ ಕುತ್ತಿಗೆ ನೋವಿದೆ, ಒಂದು ಕಡೆಗೆ 8 ಕಿ.ಮೀ. ಅಂದರೆ ಸುಮಾರು ಅರ್ಧ ಗಂಟೆ. ಹಾಗಾಗಿ ನಿಮಗೆ ನನ್ನ ಉತ್ತರ ಕ್ಯಾರಿಯರು, ಅದಕ್ಕೊಂದು ಪಕ್ಕದ ಬ್ಯಾಗು. ಅಂದರೆ ಪ್ಯಾನಿಯರ್.

ಗಾಳಿಯಾಡುವ ಬ್ಯಾಕ್‌ಪ್ಯಾಕ್ ಯಾಕೆ ಬೇಡ? ಅದು ಮೋಸ ಅಂತಲ್ಲ. ಬೆನ್ನಿಗೂ ಚೀಲಕ್ಕೂ ನಡುವೆ ಬಲೆ ಬಿಗಿದು ಸಂದು ಬಿಟ್ಟಿರುತ್ತಾರೆ, ಅಲ್ಲಿ ಸ್ವಲ್ಪ ಗಾಳಿ ಓಡಾಡುತ್ತದೆ. ಬೆವರು ಕಡಿಮೆಯಾಗುತ್ತದೆ, ನಿಲ್ಲುವುದಿಲ್ಲ. ಹೆಗಲಿನ ಪಟ್ಟಿ, ಸೊಂಟದ ಪಟ್ಟಿಯ ಕೆಳಗೆ ಹೇಗೂ ಒದ್ದೆಯಾಗುತ್ತದೆ. ಆ ಸಂದಿಗಾಗಿ ಚೀಲವನ್ನು ಬಿಲ್ಲಿನ ಹಾಗೆ ಬಗ್ಗಿಸಿರುವುದರಿಂದ ಒಳಗೆ ಜಾಗ ಹೋಗುತ್ತದೆ, ಚಪ್ಪಟೆ ಲ್ಯಾಪ್‌ಟಾಪು ಸರಿಯಾಗಿ ಕೂರುವುದಿಲ್ಲ, ಭಾರವೂ ಬೆನ್ನಿನಿಂದ ಒಂದಿಷ್ಟು ಹಿಂದಕ್ಕೆ ಜಗ್ಗುತ್ತದೆ. ಬೆವರಿಗೆ ಅಲ್ಪ ಪರಿಹಾರ ಸಿಕ್ಕರೂ ಕುತ್ತಿಗೆಗೆ ಏನೂ ಸಿಗುವುದಿಲ್ಲ.

ಕುತ್ತಿಗೆ ಯಾಕೆ ನೋಯುತ್ತದೆ ಅಂದರೆ, ನಡೆಯುವಾಗ ಬೆನ್ನು ನೇರ ಇರುತ್ತದೆ, ಭಾರ ಸೊಂಟಕ್ಕೆ, ಕಾಲಿಗೆ ಇಳಿದುಹೋಗುತ್ತದೆ. ಸೈಕಲ್ಲಿನ ಮೇಲೆ ನಾವು ಮುಂದಕ್ಕೆ ಬಾಗಿರುತ್ತೇವೆ. ಆಗ ಬೆನ್ನ ಮೇಲಿನ ಭಾರದ ಒಂದು ಪಾಲು ಅಂಗೈಗೆ, ಹೆಗಲಿಗೆ ಬೀಳುತ್ತದೆ, ಉಳಿದದ್ದು ಸೀಟಿನ ಮೇಲೆ. ತಲೆ ಎತ್ತಿ ರಸ್ತೆ ನೋಡಬೇಕಾದ್ದರಿಂದ ಕುತ್ತಿಗೆಗೆ ಮೊದಲೇ ಕೆಲಸ ಜಾಸ್ತಿ, ಅದರ ಮೇಲೆ ಇದು ಬೇರೆ. ಅದೇ ಭಾರ ಚಕ್ರದ ಪಕ್ಕದಲ್ಲಿ, ಕೆಳಗೆ ನೇತಾಡಿದರೆ ನಿಮ್ಮ ಮೈಗೆ ಗೊತ್ತೇ ಆಗುವುದಿಲ್ಲ. ಏರಿನಲ್ಲಿ ಮಾತ್ರ ಗೊತ್ತಾಗುತ್ತದೆ. ಅದು ಎಲ್ಲಿಟ್ಟರೂ ತಪ್ಪಿದ್ದಲ್ಲ.

ಹಾಗಂತ ಬ್ಯಾಕ್‌ಪ್ಯಾಕೇ ಸರಿ ಅನ್ನುವ ಸಂದರ್ಭಗಳೂ ಇವೆ. ಸೈಕಲ್ ಇಳಿದು ರೈಲು ಹತ್ತಬೇಕು, ಮೆಟ್ಟಿಲು ಏರಿ ದೂರ ನಡೆಯಬೇಕು ಅನ್ನುವವರಿಗೆ ಕೈಯಲ್ಲಿ ಹಿಡಿಯುವ ಪ್ಯಾನಿಯರ್ ಬಲು ಕಿರಿಕಿರಿ. ಬಾಡಿಗೆ ಸೈಕಲ್ ಓಡಿಸುವವರಿಗೂ ಅಷ್ಟೇ, ಇವತ್ತಿನ ಸೈಕಲ್ ನಾಳೆ ಇರುವುದಿಲ್ಲ. ಅಂಥವರು ಬ್ಯಾಕ್‌ಪ್ಯಾಕ್ ಕೊಳ್ಳುವಾಗ ಅದು ಅಗಲಕ್ಕೂ ಎತ್ತರಕ್ಕೂ ಚಿಕ್ಕದಿರಲಿ. ಎದೆಪಟ್ಟಿ ಬೇಕೇ ಬೇಕು, ಇಲ್ಲದಿದ್ದರೆ ತಿರುವಿನಲ್ಲಿ ಬ್ಯಾಗು ಪಕ್ಕಕ್ಕೆ ಜಾರುತ್ತದೆ. ಹೆಲ್ಮೆಟ್ ಹಾಕಿಕೊಂಡು, ತುಂಬಿದ ಬ್ಯಾಗು ಹೊತ್ತು, ಹ್ಯಾಂಡಲ್ ಹಿಡಿದಂತೆ ಬಾಗಿ ನೋಡಿ. ತಲೆ ಎತ್ತಿದಾಗ ಹೆಲ್ಮೆಟ್ ಬ್ಯಾಗಿಗೆ ತಾಗುತ್ತದೆಯೇ? ಹೆಗಲ ಮೇಲಿಂದ ಹಿಂದಿನ ರಸ್ತೆ ಕಾಣುತ್ತದೆಯೇ? ಹಿಂದೆ ನೋಡಲಾಗದಿದ್ದರೆ ಆ ಬ್ಯಾಗು ಎಷ್ಟೇ ಚೆನ್ನಾಗಿದ್ದರೂ ಸೈಕಲ್ಲಿಗೆ ಆಗದು.

ಒಂದೇ ಪಟ್ಟಿಯ ಮೆಸೆಂಜರ್ ಬ್ಯಾಗು ದಿನವಿಡೀ ಹತ್ತಾರು ಕಡೆ ಇಳಿದು ಕಾಗದಪತ್ರ ಮುಟ್ಟಿಸುವವರಿಗಾಗಿ ಬಂದದ್ದು. ಬ್ಯಾಗು ಇಳಿಸದೆ ಮುಂದಕ್ಕೆ ಎಳೆದುಕೊಂಡರೆ ಸಾಮಾನು ತೆಗೆಯಬಹುದು, ಅದೇ ಅದರ ಗುಣ. ನೀವು ದಿನಕ್ಕೆ ಎರಡು ಸಲ ಮಾತ್ರ ಬ್ಯಾಗು ತೆರೆಯುವವರು. ಅದಕ್ಕಾಗಿ ಒಂದೇ ಹೆಗಲಿಗೆ ಲ್ಯಾಪ್‌ಟಾಪು ಹೊರಿಸಬೇಕೇ?

ಇನ್ನು ಬ್ಯಾಗನ್ನು ಹ್ಯಾಂಡಲ್ಲಿಗೆ ನೇತುಹಾಕಿಕೊಂಡು ಹೋಗುವುದು. ಇದನ್ನು ದಯವಿಟ್ಟು ಯಾವತ್ತೂ ಮಾಡಬೇಡಿ, ಪಕ್ಕದ ಅಂಗಡಿಗೆ ಹೋಗುವಾಗಲೂ. ತೂಗಾಡುವ ಚೀಲ ಮುಂದಿನ ಚಕ್ರದ ಕಡ್ಡಿಗೆ ಸಿಕ್ಕಿದರೆ ಚಕ್ರ ಗಕ್ಕನೆ ನಿಂತು ಸವಾರ ಹ್ಯಾಂಡಲ್ ದಾಟಿ ಬೀಳುತ್ತಾನೆ. ಕೈ ಚಾಚಲೂ ಸಮಯ ಇರುವುದಿಲ್ಲ.

ಈಗ ಕ್ಯಾರಿಯರ್. ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ, ಯಾಕೆಂದರೆ ಎಲ್ಲರೂ ಬ್ಯಾಗನ್ನು ವಾರಗಟ್ಟಲೆ ಹುಡುಕಿ ಕ್ಯಾರಿಯರನ್ನು ಸಿಕ್ಕಿದ್ದು ತಗೊಂಡುಬಿಡುತ್ತಾರೆ. ಆಗಬೇಕಾದದ್ದು ತಿರುಗಾಮುರುಗಾ. ಸಾಧಾರಣ ಬ್ಯಾಗು ಒಳ್ಳೆಯ ಕ್ಯಾರಿಯರ್ ಮೇಲೆ ಚೆನ್ನಾಗಿ ಕೂರುತ್ತದೆ. ಲಟಲಟ ಅನ್ನುವ ಕ್ಯಾರಿಯರ್ ಮೇಲೆ ಎಷ್ಟು ದುಬಾರಿ ಬ್ಯಾಗು ಹಾಕಿದರೂ ಅಷ್ಟೇ.

ನಿಮ್ಮ ಸೈಕಲ್ಲಿನ ಹಿಂದೆ ಕೂತು ನೋಡಿ. ಹಿಂದಿನ ಚಕ್ರದ ಆಕ್ಸಲ್ ಕೂರುವ ಜಾಗದ ಹತ್ತಿರ, ಎರಡೂ ಬದಿಗೆ, ತಿರುಪು ಕೂರುವ ಸಣ್ಣ ತೂತುಗಳಿರಬೇಕು. ಸೀಟಿನ ಕೆಳಗೆ, ಚಕ್ರದ ಎರಡೂ ಪಕ್ಕ ಇಳಿಯುವ ಕೊಳವೆಗಳ ಮೇಲ್ಭಾಗದಲ್ಲಿ ಇನ್ನೆರಡು. ಹೆಚ್ಚಿನ ಹೈಬ್ರಿಡ್ ಸೈಕಲ್ಲುಗಳಲ್ಲಿ ಇರುತ್ತವೆ, ಸಾಮಾನ್ಯವಾಗಿ 5 ಮಿ.ಮೀ. ಬೋಲ್ಟಿಗೆ. ನಾಲ್ಕೂ ಇದ್ದರೆ ಚಿಂತೆಯಿಲ್ಲ. ಮೇಲಿನವು ಇಲ್ಲದಿದ್ದರೆ ಕೊಳವೆಯನ್ನು ಸುತ್ತಿ ಹಿಡಿಯುವ ಕ್ಲಾಂಪು ಹಾಕಿಸಬಹುದು. ಕೆಳಗಿನವೇ ಇಲ್ಲದಿದ್ದರೆ ಯೋಚಿಸಬೇಕು, ಭಾರವೆಲ್ಲ ಇಳಿಯುವುದು ಅಲ್ಲಿಗೇ. ಸೀಟಿನ ಕಂಬಕ್ಕೆ ಮಾತ್ರ ಕಚ್ಚಿಕೊಳ್ಳುವ ಕ್ಯಾರಿಯರುಗಳಿವೆ, ಆದರೆ ಅವು ಹೊರುವುದು ಕಡಿಮೆ, ಭಾರ ಜಾಸ್ತಿಯಾದರೆ ಪಕ್ಕಕ್ಕೆ ತಿರುಗುತ್ತವೆ. ಕಂಬ ಕಾರ್ಬನ್ನಿನದಾದರೆ ಅದನ್ನು ಹಾಕಲೇಬಾರದು. ಡಿಸ್ಕ್ ಬ್ರೇಕ್ ಇದ್ದರೆ ಅದನ್ನು ದಾಟಿ ಬರುವಂತೆ ಕಾಲು ಬಗ್ಗಿಸಿರುವ ಕ್ಯಾರಿಯರ್ ಬೇಕು ಅಂತ ಅಂಗಡಿಯವರಿಗೆ ಮೊದಲೇ ಹೇಳಿ.

ಕ್ಯಾರಿಯರ್ ಎಷ್ಟು ಹೊರುತ್ತದೆ ಅನ್ನುವುದನ್ನು ಅದರ ಮೇಲೇ ಅಚ್ಚು ಹಾಕಿರುತ್ತಾರೆ. ಹಿಂದಿನ ಕ್ಯಾರಿಯರುಗಳಲ್ಲಿ 25 ಕೆ.ಜಿ. ಸಾಮಾನ್ಯ. ನಿಮ್ಮ ಕೆಲಸಕ್ಕೆ ಅದು ಧಾರಾಳ. ಮುಖ್ಯವಾಗಿ ನೋಡಬೇಕಾದದ್ದು ಪಕ್ಕದ ಸರಳು. ಬ್ಯಾಗಿನ ಕೆಳಭಾಗ ಒಳಕ್ಕೆ ಬಾಗಿ ಚಕ್ರದ ಕಡ್ಡಿಗೆ ತಾಗದಂತೆ ತಡೆಯುವುದು ಅದೇ. ಬರೀ ಮೇಲೊಂದು ತಟ್ಟೆ, ಎರಡು ಕಾಲು ಇರುವ ಕ್ಯಾರಿಯರ್ ಪ್ಯಾನಿಯರಿಗೆ ಆಗುವುದಿಲ್ಲ. ಇನ್ನೊಂದು, ಸರಳಿನ ದಪ್ಪ. ಪ್ಯಾನಿಯರಿನ ಕೊಕ್ಕೆಗಳು ಹೆಚ್ಚಾಗಿ 8ರಿಂದ 16 ಮಿ.ಮೀ. ದಪ್ಪದ ಸರಳಿಗೆ ಹೊಂದುತ್ತವೆ, ಸಣ್ಣ ಸರಳಿಗೆ ಒಳಗೆ ಕೂರಿಸಲು ಪ್ಲಾಸ್ಟಿಕ್ ತುಣುಕುಗಳನ್ನು ಜೊತೆಗೇ ಕೊಡುತ್ತಾರೆ. ಜನ ಆ ತುಣುಕುಗಳನ್ನು ಡಬ್ಬದ ಜೊತೆ ಎಸೆದುಬಿಟ್ಟು, ಆಮೇಲೆ ಬ್ಯಾಗು ಗಡಗಡ ಅನ್ನುತ್ತದೆ ಅಂತ ದೂರುತ್ತಾರೆ.

ಪ್ಯಾನಿಯರ್ ಎಲ್ಲರಿಗೂ ಜೋಡಿಯೇ ಬೇಕಾಗಿಲ್ಲ. 20 ಲೀಟರಿನ ಒಂದು ಬ್ಯಾಗಿನಲ್ಲಿ ನಿಮ್ಮ ದಿನದ ಸಾಮಾನು ಹಿಡಿಸುತ್ತದೆ. ಒಂದೇ ಕಡೆ ಭಾರ ಇದ್ದರೆ ಸೈಕಲ್ ವಾಲುವುದಿಲ್ಲವೇ? ಓಡುವಾಗ ಐದಾರು ಕೆ.ಜಿ.ಗೆ ಗೊತ್ತೇ ಆಗುವುದಿಲ್ಲ, ನಿಮಗೆ ಅರಿವಿಲ್ಲದೆಯೇ ಮೈ ಸರಿದೂಗಿಸಿಕೊಳ್ಳುತ್ತದೆ. ನಿಲ್ಲಿಸಿದಾಗ ಗೊತ್ತಾಗುತ್ತದೆ. ಅದಕ್ಕೇ ಸ್ಟ್ಯಾಂಡು ಹಾಕಿ ಕೈ ಬಿಡುವ ಮುಂಚೆ ಬ್ಯಾಗು ತೆಗೆಯುವುದು ಅಭ್ಯಾಸವಾಗಲಿ. ಯಾವ ಬದಿ ಅಂತ ಕೇಳಿದರೆ ನಾನು ಬಲಕ್ಕೆ ಅನ್ನುತ್ತೇನೆ. ಹೆಚ್ಚಿನವರು ಎಡಕ್ಕೆ ನಿಂತು ಸೈಕಲ್ ತಳ್ಳುವುದರಿಂದ ಬಲಗಡೆಯ ಬ್ಯಾಗು ಕಾಲಿಗೆ ಬಡಿಯುವುದಿಲ್ಲ.

ಕೊಳ್ಳುವಾಗ ಎಲ್ಲರೂ ಮರೆಯುವುದು ಹಿಮ್ಮಡಿಯನ್ನು. ಪೆಡಲ್ ಹಿಂದಕ್ಕೆ ಬಂದಾಗ ಹಿಮ್ಮಡಿ ಬ್ಯಾಗಿಗೆ ಬಡಿಯುತ್ತದೆ. ಪ್ರತಿ ಸುತ್ತಿಗೂ ಒಂದೇಟು. ಎರಡೇ ದಿನಕ್ಕೆ ಸಾಕಾಗಿಹೋಗುತ್ತದೆ. ಎರಡೂ ಪೆಡಲುಗಳು ಸುತ್ತುವ ನಡುವಿನ ಅಚ್ಚಿನಿಂದ ಹಿಂದಿನ ಆಕ್ಸಲಿಗೆ ಎಷ್ಟು ದೂರ ಅನ್ನುವುದರ ಮೇಲೆ ಇದು ನಿಂತಿದೆ. ಹೈಬ್ರಿಡ್ ಸೈಕಲ್ಲುಗಳಲ್ಲಿ ಅದು ಸುಮಾರು 43ರಿಂದ 45 ಸೆಂ.ಮೀ., ರೇಸಿಂಗ್ ಮಾದರಿಯಲ್ಲಿ 41ರ ಆಸುಪಾಸು. ಚಿಕ್ಕ ಚಕ್ರದ ಮಡಚುವ ಸೈಕಲ್ಲುಗಳಲ್ಲಿ ಇನ್ನೂ ಕಷ್ಟ. ಅಂಗಡಿಯಲ್ಲೇ ಬ್ಯಾಗು ಹಾಕಿ, ಒಬ್ಬರು ಸೈಕಲ್ ಹಿಡಿದುಕೊಳ್ಳಲಿ, ನೀವು ಸೀಟಿನ ಮೇಲೆ ಕೂತು ದಿನಾ ಹಾಕುವ ಶೂನಲ್ಲೇ ಪೆಡಲನ್ನು ಹಿಂದಕ್ಕೆ ತಿರುಗಿಸಿ. ಎರಡು ಬೆರಳು ಸಂದು ಉಳಿದರೆ ಸಾಕು. ಕೊಕ್ಕೆಗಳನ್ನು ಸರಿಸಿ ಬ್ಯಾಗನ್ನು ಹಿಂದಕ್ಕೆ ತಳ್ಳಬಹುದಾದ ಮಾದರಿ ಇದ್ದರೆ ಅದನ್ನೇ ಆರಿಸಿ. ಮುಂದಿನ ಕೆಳಮೂಲೆ ಓರೆಯಾಗಿ ಕತ್ತರಿಸಿದ ಬ್ಯಾಗುಗಳೂ ಇದಕ್ಕೇ ಇರುವುದು.

ಕೊಕ್ಕೆಯ ವಿಷಯದಲ್ಲಿ ಜಿಪುಣತನ ಬೇಡ. ಮೇಲಿನ ಹಿಡಿ ಎತ್ತಿದರೆ ತಾನೇ ಬಿಚ್ಚಿಕೊಂಡು, ಕೂರಿಸಿ ಬಿಟ್ಟರೆ ತಾನೇ ಲಾಕ್ ಆಗುವಂಥದು ಬೇಕು. ಕೆಳಗೂ ಒಂದು ಕೊಕ್ಕೆ ಸರಳನ್ನು ಹಿಡಿಯಬೇಕು, ಇಲ್ಲದಿದ್ದರೆ ಗುಂಡಿ ಹಾರಿದಾಗ ಬ್ಯಾಗಿನ ಬುಡ ರೆಕ್ಕೆ ಬಡಿಯುತ್ತದೆ. ವೆಲ್ಕ್ರೋ ಪಟ್ಟಿಯಿಂದ ಕ್ಯಾರಿಯರಿಗೆ ಕಟ್ಟುವ ಅಗ್ಗದ ಜೋಡಿಬ್ಯಾಗುಗಳು ಸಿಗುತ್ತವೆ. ಸೈಕಲ್ಲಿಗೇ ಅಂಟಿಕೊಂಡಿರುವ ಸಾಮಾನಿಗೆ ಅವು ಆಗಬಹುದು, ದಿನಾ ಎರಡು ಸಲ ಬಿಚ್ಚಿ ಕಟ್ಟುವ ನಿಮಗೆ ಬೇಡ.

ಲ್ಯಾಪ್‌ಟಾಪಿನ ಭಯಕ್ಕೆ ಬರೋಣ. ಭಯದಲ್ಲಿ ಅರ್ಥ ಇಲ್ಲದೇ ಇಲ್ಲ. ಬೆನ್ನ ಮೇಲಿದ್ದಾಗ ರಸ್ತೆಯ ಕುಲುಕಾಟವನ್ನು ನಿಮ್ಮ ಕೈಕಾಲು, ಸೊಂಟ ಹೀರಿಕೊಳ್ಳುತ್ತವೆ. ಕ್ಯಾರಿಯರಿನಲ್ಲಿ ಅದು ನೇರ ಬ್ಯಾಗಿಗೆ ಮುಟ್ಟುತ್ತದೆ. ಒಳಗೆ ತಿರುಗುವ ಹಾರ್ಡ್‌ಡಿಸ್ಕ್ ಇರುವ ಹಳೆಯ ಲ್ಯಾಪ್‌ಟಾಪಾದರೆ ನಾನೂ ಬೆನ್ನಿಗೇ ಹಾಕಿಕೊಳ್ಳಿ ಅನ್ನುತ್ತಿದ್ದೆ, ಕನಿಷ್ಠ ಪೂರ್ತಿ ಶಟ್‌ಡೌನ್ ಮಾಡಿ ಒಯ್ಯಿರಿ ಅನ್ನುತ್ತಿದ್ದೆ. ಈಗಿನವುಗಳಲ್ಲಿ ಇರುವುದು ಎಸ್‌ಎಸ್‌ಡಿ, ಅದರಲ್ಲಿ ತಿರುಗುವ ಭಾಗವೇ ಇಲ್ಲ. ಮೆತ್ತನೆಯ ಕವರ್ ಹಾಕಿ, ಬ್ಯಾಗಿನ ತಳಕ್ಕೆ ತಾಗದಂತೆ ಇಟ್ಟರೆ ಸಾಕು. ಕೆಲವು ಪ್ಯಾನಿಯರುಗಳಲ್ಲಿ ಲ್ಯಾಪ್‌ಟಾಪಿನ ಜೇಬು ತಳದಿಂದ ಮೇಲಕ್ಕೆ ತೂಗಿಕೊಂಡಿರುತ್ತದೆ. ಇಲ್ಲದಿದ್ದರೆ ಮಡಚಿದ ಬಟ್ಟೆಯನ್ನು ಕೆಳಗೆ ಹಾಸಿ, ಅದರ ಮೇಲೆ ನಿಲ್ಲಿಸಿ. ಚಾರ್ಜರಿನ ಇಟ್ಟಿಗೆಯಂಥ ಗಟ್ಟಿ ಭಾಗ ಪರದೆಯ ಕಡೆ ಒತ್ತದಿರಲಿ.

ನಿಜ ಹೇಳಬೇಕೆಂದರೆ ಲ್ಯಾಪ್‌ಟಾಪಿಗೆ ರಸ್ತೆಗಿಂತ ಆಫೀಸಿನ ನೆಲವೇ ಜಾಸ್ತಿ ಅಪಾಯ. ಬ್ಯಾಗು ಬಿಚ್ಚಿ ಧೊಪ್ಪನೆ ಕೆಳಗಿಡುತ್ತೇವಲ್ಲ, ಆಗಲೇ ಮೂಲೆ ಜಜ್ಜುವುದು. ಇನ್ನೊಂದು ಅಪಾಯ ಊಟದ ಡಬ್ಬಿ. ನೀರು ಹೊರಗಿಂದ ಒಳಗೆ ಬರದ ಬ್ಯಾಗಿನಲ್ಲಿ ಒಳಗೆ ಚೆಲ್ಲಿದ್ದೂ ಹೊರಗೆ ಹೋಗುವುದಿಲ್ಲ. ಸಾರು ಸೋರಿದರೆ ಲ್ಯಾಪ್‌ಟಾಪು ಅದರಲ್ಲೇ ನಿಂತಿರುತ್ತದೆ. ಡಬ್ಬಿಗೆ ಬೇರೆ ಚೀಲ ಹಾಕಿ, ಇಲ್ಲವೇ ಹೊರಜೇಬಿನಲ್ಲಿಡಿ.

ಮಳೆಗೆ ಬ್ಯಾಗಿನ ಬಟ್ಟೆ ಯಾವುದಿರಬೇಕು? ಚೀಟಿಯಲ್ಲಿ 600 ಡೀನಿಯರ್, 1000 ಡೀನಿಯರ್ ಅಂತ ಬರೆದಿರುತ್ತಾರೆ. ಅದು ನೂಲಿನ ದಪ್ಪದ ಅಳತೆ, 9000 ಮೀಟರ್ ನೂಲು ಎಷ್ಟು ಗ್ರಾಂ ತೂಗುತ್ತದೆ ಅನ್ನುವುದು. ಬಾಳಿಕೆಯ ಅಂದಾಜು ಸಿಗಬಹುದು, ನೀರು ತಡೆಯುತ್ತದೆಯೇ ಅನ್ನುವುದಕ್ಕೂ ಅದಕ್ಕೂ ಸಂಬಂಧವಿಲ್ಲ. ನೀರು ಸಾಮಾನ್ಯವಾಗಿ ಬಟ್ಟೆಯಿಂದ ಬರುವುದಲ್ಲ, ಹೊಲಿಗೆಯಿಂದ, ಜಿಪ್ಪಿನಿಂದ ಬರುತ್ತದೆ. ಜರ್ಮನಿಯ ಓರ್ಟ್‌ಲೀಬ್ ಕಂಪನಿ 1982ರಲ್ಲಿ ಶುರುವಾದದ್ದೇ ಈ ಕಷ್ಟದಿಂದ. ಅದನ್ನು ಕಟ್ಟಿದ ಹಾರ್ಟ್‌ಮುಟ್ ಓರ್ಟ್‌ಲೀಬ್ ಇಂಗ್ಲೆಂಡಿನಲ್ಲಿ ಸೈಕಲ್ ಪ್ರವಾಸ ಮಾಡುವಾಗ ಮಳೆಗೆ ಸಾಮಾನೆಲ್ಲ ನೆನೆಯಿತು. ಪಕ್ಕದಲ್ಲಿ ಹೋಗುವ ಲಾರಿಗಳ ಟಾರ್ಪಾಲಿನ್ ಕೆಳಗಿನ ಸರಕು ಮಾತ್ರ ಒಣಗಿಯೇ ಇತ್ತು. ಅದೇ ಟಾರ್ಪಾಲಿನ್ನಿನಲ್ಲಿ ಬ್ಯಾಗು ಮಾಡಿದ. ಈಗ ಆ ಬಗೆಯ ಬ್ಯಾಗುಗಳಲ್ಲಿ ಹೊಲಿಗೆಯ ಬದಲು ಬಿಸಿಯಿಂದ ಬೆಸೆದಿರುತ್ತಾರೆ, ಬಾಯಿಯನ್ನು ಮೂರು ನಾಲ್ಕು ಸುತ್ತು ಸುರುಳಿ ಸುತ್ತಿ ಬಕಲ್ ಹಾಕುತ್ತಾರೆ. ಬೇರೆ ಕಂಪನಿಗಳೂ ಮಾಡುತ್ತವೆ, ಅವು ಕೆಟ್ಟವೇನಲ್ಲ.

ಚೀಟಿಯಲ್ಲಿ ಐಪಿ ಸಂಖ್ಯೆ ಇದ್ದರೆ ನೋಡಿ. ಅದರ ಎರಡನೇ ಅಂಕೆ ನೀರಿನದು. 4 ಅಂದರೆ ಎಲ್ಲ ಕಡೆಯಿಂದ ಎರಚುವ ನೀರನ್ನು ತಡೆಯುತ್ತದೆ, 6 ಅಂದರೆ ಜೋರಾದ ಪೈಪಿನ ನೀರನ್ನು, 7 ಅಂದರೆ ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ಮುಳುಗಿಸಿದರೂ ಸರಿ. ದಿನಾ ಓಡಾಡುವವರಿಗೆ 4 ಸಾಕು. ಬ್ಯಾಕ್‌ಪ್ಯಾಕಿಗೆ ಹಾಕುವಂಥ ಮಳೆಕವರು ಪ್ಯಾನಿಯರಿಗೆ ಅರ್ಧ ಪರಿಹಾರ. ಮಳೆ ಮೇಲಿಂದ ಬರುತ್ತದೆ, ಕೆಸರು ಚಕ್ರದ ಕಡೆಯಿಂದ ಬರುತ್ತದೆ, ಕವರು ತೆರೆದಿರುವುದು ಅದೇ ಕಡೆ. ಮಡ್‌ಗಾರ್ಡ್ ಇಲ್ಲದಿದ್ದರೆ ಮೊದಲು ಅದನ್ನು ಹಾಕಿಸಿ.

ಸುರುಳಿ ಬಾಯಿಯ ಬ್ಯಾಗಿನ ದೋಷ, ಅದು ಒಂದೇ ದೊಡ್ಡ ಗೂಡು. ಬೀಗದ ಕೈ ಹುಡುಕಬೇಕಾದರೆ ಎಲ್ಲ ತೆಗೆಯಬೇಕು. ಅದಕ್ಕೊಂದು ಪುಟ್ಟ ಚೀಲ ಇಟ್ಟುಕೊಳ್ಳಿ. ಒದ್ದೆ ಬಟ್ಟೆ ಒಳಗಿಟ್ಟು ಬಾಯಿ ಮುಚ್ಚಿ ರಾತ್ರಿ ಬಿಟ್ಟರೆ ಬೆಳಿಗ್ಗೆ ವಾಸನೆ ತಡೆಯಲಾಗದು, ಮನೆಗೆ ಬಂದ ಕೂಡಲೇ ಬಾಯಿ ಬಿಚ್ಚಿಡಿ.

ಪ್ಯಾನಿಯರೂ ಹೌದು, ಬ್ಯಾಕ್‌ಪ್ಯಾಕೂ ಹೌದು ಅನ್ನುವ ಬ್ಯಾಗುಗಳ ಬಗ್ಗೆಯೂ ನೀವು ಕೇಳಿಯೇ ಕೇಳುತ್ತೀರಿ. ನನಗೆ ಅವು ಅಷ್ಟಕ್ಕಷ್ಟೇ. ಕೊಕ್ಕೆ, ಹೆಗಲಪಟ್ಟಿ ಎರಡೂ ಇರುವುದರಿಂದ ತೂಕ ಜಾಸ್ತಿ. ಕೊಕ್ಕೆಯ ಬದಿ ಬೆನ್ನಿಗೆ ಬಂದರೆ ಒತ್ತುತ್ತದೆ, ಕೆಸರೂ ಅಂಗಿಗೆ. ಪಟ್ಟಿ ಹೊರಬದಿಗೆ ಇದ್ದರೆ ಅದನ್ನು ಮುಚ್ಚಿಡಲು ಇನ್ನೊಂದು ಹೊದಿಕೆ ಬೇಕು, ಇಲ್ಲದಿದ್ದರೆ ಚಕ್ರಕ್ಕೆ ಸಿಕ್ಕುವ ಅಪಾಯ. ಸೈಕಲ್ ಇಳಿದ ಮೇಲೆ ಹತ್ತು ನಿಮಿಷಕ್ಕಿಂತ ಜಾಸ್ತಿ ನಡೆಯುವವರು ಮಾತ್ರ ಯೋಚಿಸಲಿ. ನೀವು ಸೈಕಲ್ ನಿಲ್ಲಿಸುವ ಜಾಗದಿಂದ ಮೇಜಿನವರೆಗೆ ಹೋಗುವವರಾದರೆ ಸಾದಾ ಹೆಗಲಪಟ್ಟಿ ಸಾಕು.

ಬೇರೆ ದಾರಿಗಳನ್ನೂ ಹೇಳಿಬಿಡುತ್ತೇನೆ. ಮುಂದಿನ ಬುಟ್ಟಿ ಅನುಕೂಲ, ಸಾಮಾನು ಕಣ್ಣ ಮುಂದೇ ಇರುತ್ತದೆ. ಆದರೆ ಹ್ಯಾಂಡಲ್ಲಿಗೆ ಕೂತ ಬುಟ್ಟಿಯಲ್ಲಿ ಭಾರ ಜಾಸ್ತಿಯಾದರೆ ಹ್ಯಾಂಡಲ್ ತಿರುಗಿಸುವುದೇ ಕಷ್ಟ. ಬ್ರಾಂಪ್ಟನ್ ಮಡಚುವ ಸೈಕಲ್ಲಿನಲ್ಲಿ ಮುಂದಿನ ಬ್ಯಾಗು ಫ್ರೇಮಿಗೇ ಕೂರುತ್ತದೆ, ಹ್ಯಾಂಡಲ್ ಜೊತೆ ತಿರುಗುವುದಿಲ್ಲ, ಅದು ಜಾಣ ಏರ್ಪಾಡು. ಸೀಟಿನ ಹಿಂದೆ ಅಡ್ಡಕ್ಕೆ ಕಟ್ಟುವ ದಪ್ಪ ಹತ್ತಿಬಟ್ಟೆಯ ಚೀಲಗಳನ್ನು ಇಂಗ್ಲೆಂಡಿನ ಕ್ಯಾರಡೈಸ್ ಕಂಪನಿ 1930ರ ದಶಕದಿಂದ ಮಾಡುತ್ತಿದೆ. ನೆನೆದಾಗ ನೂಲು ಉಬ್ಬಿ ಸಂದು ಮುಚ್ಚಿಕೊಳ್ಳುತ್ತದೆ, ಹಾಗಾಗಿ ನೀರು ಒಳಗಿಳಿಯುವುದು ಕಡಿಮೆ. ನೋಡಲು ಚೆಂದ, ಬಾಳಿಕೆ ಬರುತ್ತವೆ. ಲ್ಯಾಪ್‌ಟಾಪು ಮಾತ್ರ ಹಿಡಿಸುವುದು ಅನುಮಾನ.

ಕ್ಯಾರಿಯರ್ ಮೇಲೆ ಏನಾದರೂ ಕಟ್ಟುವುದಿದ್ದರೆ ಕೊಕ್ಕೆಯಿರುವ ರಬ್ಬರ್ ಹಗ್ಗ ಬೇಡ. ಎಳೆದಾಗ ಕೈ ಜಾರಿದರೆ ಕೊಕ್ಕೆ ನೇರ ಕಣ್ಣಿಗೆ ಬರಬಹುದು. ಬಕಲ್ ಇರುವ ಪಟ್ಟಿ ಬಳಸಿ, ಉಳಿದ ತುದಿಯನ್ನು ಒಳಕ್ಕೆ ಸಿಕ್ಕಿಸಿ.

ಬ್ಯಾಗು ಬಂದ ಮೇಲೆ ರಾತ್ರಿ ಒಮ್ಮೆ ಸೈಕಲ್ಲಿನ ಹಿಂದೆ ದೂರ ನಿಂತು ನೋಡಿ. ಸೀಟಿನ ಕಂಬಕ್ಕೆ ಹಾಕಿದ ಕೆಂಪು ದೀಪ ಕಾಣಿಸುತ್ತದೆಯೇ? ಕ್ಯಾರಿಯರ್ ಮೇಲೆ ಸಾಮಾನಿದ್ದರೆ ಎಷ್ಟೋ ಸಲ ಮುಚ್ಚಿಹೋಗಿರುತ್ತದೆ. ಕ್ಯಾರಿಯರಿನ ಹಿಂತುದಿಯಲ್ಲಿ ದೀಪಕ್ಕೆಂದೇ ತೂತುಗಳಿರುತ್ತವೆ, ಅಲ್ಲಿಗೆ ಹಾಕಿಸಿ. ಹಿಂದಿನ ಟಯರಿಗೆ ಗಾಳಿ ಸ್ವಲ್ಪ ಜಾಸ್ತಿ ಬೇಕಾಗುತ್ತದೆ, ಟಯರಿನ ಪಕ್ಕದಲ್ಲಿ ಬರೆದಿರುವ ಮಿತಿ ದಾಟದಂತೆ ಹೊಡೆಸಿ. ಹೊಸ ಕ್ಯಾರಿಯರಿನ ಬೋಲ್ಟುಗಳು ಮೊದಲ ವಾರದಲ್ಲೇ ಸಡಿಲವಾಗುವುದು ಮಾಮೂಲು. ವಾರ ಕಳೆದ ಮೇಲೆ ನಾಲ್ಕನ್ನೂ ಬಿಗಿ ಮಾಡಿ, ಆಮೇಲೆ ತಿಂಗಳಿಗೊಮ್ಮೆ ಕೈಯಾಡಿಸಿದರೆ ಸಾಕು.